ಎಂಟರ ಮನೆಯಲ್ಲಿ ಹಾಕಿದ ಗುರುತು

ಒಂದು ವರ್ಷಕ್ಕೂ ಮೇಲೆ ನಾನು ಆ ಆಸ್ಪತ್ರೆಯಲ್ಲಿ ಒಬ್ಬಳೇ ಕೂತು ಊಟ ಮಾಡಿದೆ. ಹೆರಿಗೆ ಕೋಣೆಯ ಹಿಂದೆ, ಬಟ್ಟೆ ಒಣಹಾಕುವ ಜಾಗದಲ್ಲಿ ಒಂದು ಕಲ್ಲಿನ ಬೆಂಚು ಇತ್ತು. ಉಳಿದ ಸಿಸ್ಟರುಗಳು ಡ್ಯೂಟಿ ರೂಮಿನಲ್ಲಿ ಡಬ್ಬಿಗಳನ್ನು ಸುತ್ತ ಇಟ್ಟುಕೊಂಡು, ಒಬ್ಬರ ಪಲ್ಯ ಇನ್ನೊಬ್ಬರಿಗೆ ಬಡಿಸಿಕೊಂಡು ಉಣ್ಣುತ್ತಿದ್ದರು. ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ಎದ್ದು ಹೋಗು ಅಂತ ಯಾರೂ ಅನ್ನಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಮಾತು ನಿಂತ ಕೋಣೆಯಲ್ಲಿ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ಡಬ್ಬಿ ಹಿಡಿದುಕೊಂಡು ಹಿಂದಕ್ಕೆ ಹೋಗುತ್ತಿದ್ದೆ.

ಆಸ್ಪತ್ರೆಯ ಹೆಸರು ಬೇಡ. ಹೊಳೆನರಸೀಪುರದ ಆಚೆ ಕಡೆ ಒಂದು ಸಣ್ಣ ಸರ್ಕಾರಿ ಆಸ್ಪತ್ರೆ ಅಂದುಕೊಳ್ಳಿ. ಆಪರೇಷನ್ ಮಾಡಿ ಮಗು ತೆಗೆಯುವ ಸೌಕರ್ಯ ಇರಲಿಲ್ಲ; ಅದಕ್ಕೆ ಮೊಸಳೆ ಅನ್ನುವ ಊರು ದಾಟಿ ಹಾಸನಕ್ಕೇ ಹೋಗಬೇಕಿತ್ತು. ಲೇಡಿ ಡಾಕ್ಟರು ಒಬ್ಬರು, ಸಿಸ್ಟರುಗಳು ನಾಲ್ಕು ಜನ, ಆಯಾಗಳು ಇಬ್ಬರು, ಮಧ್ಯೆ ನಾನು. ಮಧ್ಯೆ ಅಂತ ಬೇಕೆಂದೇ ಬರೆದಿದ್ದೇನೆ. ನಾನು ಡಾಕ್ಟರಲ್ಲ, ಸಿಸ್ಟರುಗಳ ಲೆಕ್ಕದಲ್ಲಿ ಸಿಸ್ಟರೂ ಅಲ್ಲ. ಹಳ್ಳಿ ಉಪಕೇಂದ್ರದಿಂದ ಬಂದ ನರ್ಸಮ್ಮ, ಮೇಲೊಂದು ಹೊಸ ತರಬೇತಿ ಹೊತ್ತುಕೊಂಡು ಬಂದವಳು.

ಅದಕ್ಕೆ ಮುಂಚೆ, ತೊಂಬತ್ತರ ದಶಕವಿಡೀ, ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ ಹಳ್ಳಿಗಳಲ್ಲಿದ್ದೆ. ನಮ್ಮೂರು ಚನ್ನರಾಯಪಟ್ಟಣ, ಅಪ್ಪನದು ದಿನಸಿ ಅಂಗಡಿ. ಅಂಗಡಿ ಮನೆಯ ಹುಡುಗಿ ಹೆರಿಗೆ ಮಾಡಿಸುವ ಕೆಲಸಕ್ಕೆ ಹೋಗುತ್ತಾಳೆ ಅಂದಾಗ ನೆಂಟರೆಲ್ಲ ಮೂಗು ಮುರಿದರು. ನನ್ನನ್ನು ನೋಡಲು ಬಂದ ಗಂಡುಗಳು ಉಪ್ಪಿಟ್ಟು ತಿಂದು ಹೋದರು, ಅಷ್ಟೆ. ಕಡೆಯ ಸಲ ಬಂದವರಲ್ಲಿ ಒಬ್ಬಾಕೆ ನನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು. ನನಗೆ ರೇಗಿಹೋಯಿತು. "ತೊಳ್ಕೊಂಡಿದ್ದೀನಿ ಅತ್ತೆ, ಬೇಕಾದ್ರೆ ಮೂಸಿ ನೋಡಿ" ಅಂದುಬಿಟ್ಟೆ. ಅಲ್ಲಿಗೆ ಆ ಕತೆ ಮುಗಿಯಿತು. ಅಮ್ಮ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ಹಳ್ಳಿಯಲ್ಲಿ ಒಬ್ಬಳೇ ಇದ್ದರೂ ಒಬ್ಬಳೇ ಅನ್ನಿಸುತ್ತಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದರೆ "ಏನ್ ನರ್ಸಮ್ಮ, ಕಾಪಿ ಕುಡ್ಕಂಡು ಓಗಿ" ಅಂತ ನಾಲ್ಕು ಬಾಗಿಲುಗಳಿಂದ ಕರೆಯುತ್ತಿದ್ದರು. ಅಲ್ಲೇ ನಾನು ಮೊದಲು ಗಂಟು ಬಿಚ್ಚುವುದನ್ನು ನೋಡಿದ್ದು. ಮನೆಯ ಹೆಣ್ಣಿಗೆ ನೋವು ಶುರುವಾದರೆ ಮುದುಕಿಯರು ಮನೆಯೆಲ್ಲ ಸುತ್ತಿ ಕಟ್ಟಿದ್ದನ್ನೆಲ್ಲ ಬಿಚ್ಚುತ್ತಿದ್ದರು. ಬಸುರಿಯ ಜಡೆ, ಬಟ್ಟೆ ಹರವುವ ಹಗ್ಗ, ಮೂಟೆಯ ಬಾಯಿ, ಕರುವಿನ ಕಣ್ಣಿ ಕೂಡ. ಪೆಟ್ಟಿಗೆ ಮುಚ್ಚಳ, ಡಬ್ಬಿ ಮುಚ್ಚಳ ಎಲ್ಲ ತೆರೆದಿಡುತ್ತಿದ್ದರು. ಮನೆಯಲ್ಲಿ ಒಂದು ಗಂಟು ಉಳಿದರೂ ಹೊಟ್ಟೆಯೊಳಗಿನ ಗಂಟು ಬಿಚ್ಚುವುದಿಲ್ಲ ಅನ್ನುವ ನಂಬಿಕೆ. ನಾನು ನಗುತ್ತಿರಲಿಲ್ಲ. ಕಾಯುವ ಹೊತ್ತಿನಲ್ಲಿ ಅವರ ಕೈಗೂ ಒಂದು ಕೆಲಸ ಬೇಕಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಸರ್ಕಾರದವರು ಹೊಸ ತರಬೇತಿ ತಂದರು. ನಮ್ಮಂಥವರು ಅಲ್ಲಿಯತನಕ ಡಾಕ್ಟರು ಹೇಳದೆ ಒಂದು ಇಂಜೆಕ್ಷನ್ ಕೂಡ ಕೊಡುವ ಹಾಗಿರಲಿಲ್ಲ. ಇನ್ನು ಮೇಲೆ ಹೆರಿಗೆಯನ್ನು ನಾವೇ ಮೊದಲಿನಿಂದ ಕಡೆಯವರೆಗೆ ನೋಡಬಹುದು, ರಕ್ತ ನಿಲ್ಲುವ ಸೂಜಿ ಕೊಡಬಹುದು, ಫಿಟ್ಸ್ ಬಂದರೆ ಮೊದಲ ಡೋಸು ಹಾಕಬಹುದು, ಉಸಿರಾಡದ ಕೂಸಿಗೆ ಉಸಿರು ಕೊಡಬಹುದು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕು ಅಂತ ನಾವೇ ತೀರ್ಮಾನ ಮಾಡಬಹುದು. ಹಾಸನದಲ್ಲಿ ಕೆಲವು ವಾರ ಕಲಿಸಿದರು. ಅಬ್ಬಾ, ಆ ದಿನಗಳು! ಮತ್ತೆ ಸ್ಕೂಲಿಗೆ ಸೇರಿದ ಹಾಗಿತ್ತು. ಬೊಂಬೆಯ ಮೂಗಿಗೆ ಮಾಸ್ಕ್ ಹಿಡಿದು ಬಲೂನು ಒತ್ತೀ ಒತ್ತೀ ನನ್ನ ಬೆರಳು ಊದಿಕೊಂಡಿದ್ದವು. ಹಾಸ್ಟೆಲಿನಲ್ಲಿ ಹೆಂಗಸರೆಲ್ಲ ಒಟ್ಟಿಗೆ ಮಲಗಿ ಹರಟುತ್ತಿದ್ದೆವು. ಆಮೇಲೆ ಒಬ್ಬೊಬ್ಬರನ್ನೂ ಒಂದೊಂದು ಕಡೆ ಹಾಕಿದರು.

ತರಬೇತಿಯಲ್ಲಿ ನನ್ನ ಮನಸ್ಸು ಹಿಡಿದದ್ದು ಒಂದು ಹಾಳೆ. ಆಯಾಗಳು ಅದನ್ನು ಗೆರೆ ಕಾಗದ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಚಿಕ್ಕ ಚಿಕ್ಕ ಚೌಕದ ಮನೆಗಳಿರುವ ಹಾಳೆ ಅದು. ಕೆಳಗಿನಿಂದ ಮೇಲಕ್ಕೆ, ಗರ್ಭದ ಬಾಯಿ ಎಷ್ಟು ಸೆಂಟಿಮೀಟರು ತೆರೆದಿದೆ ಅನ್ನುವುದು; ಹತ್ತಾದರೆ ಪೂರ್ತಿ ತೆರೆದ ಹಾಗೆ. ಎಡದಿಂದ ಬಲಕ್ಕೆ, ಗಂಟೆಗಳು. ನಡುವೆ ಓರೆಯಾಗಿ, ಗಂಟೆಗೊಂದು ಮನೆಯಂತೆ ಏರುವ ಒಂದು ಗೆರೆ. ಪರೀಕ್ಷೆ ಮಾಡಿದಾಗಲೆಲ್ಲ ಅದರಲ್ಲಿ ಗುಣಾಕಾರದ ಗುರುತು ಹಾಕಬೇಕು. ಗುರುತು ಗೆರೆಯ ಮೇಲೋ ಎಡಕ್ಕೋ ಇದ್ದರೆ ಹೆರಿಗೆ ಸರಿಯಾಗಿ ನಡೆಯುತ್ತಿದೆ ಅಂತ. ಬಲಕ್ಕೆ ದಾಟಿತೋ, ನಮ್ಮಂಥ ಸಣ್ಣ ಆಸ್ಪತ್ರೆಯವರು ಕೂತು ನೋಡಬಾರದು, ಕಳಿಸಿಬಿಡಬೇಕು. ಇಷ್ಟೇ. ಹತ್ತು ವರ್ಷ ನಾನು ಕಳಿಸಲೋ ಬೇಡವೋ ಅಂತ ಒದ್ದಾಡಿದ್ದನ್ನು ಒಂದು ಗೆರೆ ಹೇಳುತ್ತಿತ್ತು. ನನಗೆ ಆ ಹಾಳೆಯನ್ನು ಕಂಡರೆ ಜೊತೆಗೊಬ್ಬರು ಇದ್ದಾರೆ ಅನ್ನಿಸುತ್ತಿತ್ತು.

ಹೊಸ ಆಸ್ಪತ್ರೆಗೆ ಬಂದು ನೋಡುತ್ತೇನೆ, ಗೆರೆ ಕಾಗದ ಅಲ್ಲೂ ಇದೆ. ಆದರೆ ಅದನ್ನು ತುಂಬುತ್ತಿದ್ದದ್ದು ಶನಿವಾರ. ಆ ವಾರ ಹೆರಿಗೆಯಾಗಿ ಹೋದವರ ಹಾಳೆಗಳನ್ನೆಲ್ಲ ಹಿರಿಯ ಸಿಸ್ಟರು ಮುಂದೆ ಹರವಿಕೊಂಡು, ಸ್ಕೇಲು ಇಟ್ಟು, ಗೆರೆಯ ಎಡಕ್ಕೆ ಅಂದವಾಗಿ ಗುರುತು ಹಾಕುತ್ತಿದ್ದರು. ಆ ಹಾಳೆಗಳಲ್ಲಿ ಹೆಂಗಸರೆಲ್ಲ ಗಂಟೆಗೊಂದು ಸೆಂಟಿಮೀಟರಿನಂತೆ, ಟೈಮಿಗೆ ಸರಿಯಾಗಿ ಹೊರಡುವ ಬಸ್ಸಿನ ಹಾಗೆ ಹೆರುತ್ತಿದ್ದರು.

"ಸಿಸ್ಟರ್, ಇದನ್ನ ನೋವು ಬರ್ತಿರೋವಾಗ್ಲೇ ಹಾಕ್ಬೇಕಲ್ವಾ?" ಅಂತ ಕೇಳಿದೆ. ನನ್ನ ಬಾಯಿಗೆ ಬೀಗ ಇಲ್ಲ.

ಅವರು ಕನ್ನಡಕದ ಮೇಲಿಂದ ನೋಡಿದರು. "ನೋವು ಬರ್ತಿರೋವಾಗ ನಾವು ಪೇಷಂಟ್ ನೋಡ್ತೀವಮ್ಮ. ಹಾಳೆ ನೋಡ್ಕೊಂಡು ಕೂರಕ್ಕೆ ನಾವೇನು ನಿನ್ ಥರ ಟ್ರೇನಿಂಗ್ ಆಗಿದ್ದೀವಾ?"

ಡ್ಯೂಟಿ ರೂಮಿನಲ್ಲಿ ಮಾತು ನಿಲ್ಲಲು ಶುರುವಾದದ್ದು ಆವತ್ತಿನಿಂದಲೇ.

ನಾನು ಬಿಡಲಿಲ್ಲ. ನನ್ನ ಕೈಗೆ ಬಂದ ಹೆಂಗಸಿನ ಹಾಳೆಯನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡು ತುಂಬುತ್ತಿದ್ದೆ. ಭಾನುವಾರ ರಜೆ ಸಿಕ್ಕಿದರೆ ಚನ್ನರಾಯಪಟ್ಟಣಕ್ಕೆ ಹೋಗುತ್ತಿದ್ದೆ. ಅಲ್ಲೂ ನನ್ನ ಕೆಲಸದ ಸುದ್ದಿ ಯಾರಿಗೂ ಬೇಡ. ಅಮ್ಮ ನಾನು ಹೊಸಿಲು ದಾಟುವ ಮೊದಲೇ ಬಚ್ಚಲ ಕಡೆ ಕೈ ತೋರಿಸುತ್ತಿದ್ದಳು, ತಲೆಗೆ ನೀರು ಹಾಕ್ಕೊಂಡು ಬಾ ಅಂತ. ಅಣ್ಣನ ಮಕ್ಕಳಿಗೆ ಬಿಸ್ಕತ್ತು ಕೊಟ್ಟು, ಉಂಡು, ಸಂಜೆ ಬಸ್ಸಿಗೆ ವಾಪಸ್ಸು. ಕ್ವಾರ್ಟರ್ಸಿನ ಬೀಗ ತೆಗೆದಾಗ ಒಳಗಿನಿಂದ ಮುಗ್ಗಲು ವಾಸನೆ ಬರುತ್ತಿತ್ತು. ಹೋದೆಯಾ, ಬಂದೆಯಾ ಅನ್ನುವವರು ಅಲ್ಲಿ ಯಾರಿದ್ದರು.

ನಾನು ಗೆರೆ ನೋಡಿ ಕಳಿಸಿದ ಮೊದಲನೇ ಹೆಂಗಸು ಎರಡನೇ ಬಸುರಿ. ಬೆಳಿಗ್ಗೆಯಿಂದ ನೋವು ತಿಂದರೂ ಗರ್ಭದ ಬಾಯಿ ತೆರೆಯುತ್ತಿರಲಿಲ್ಲ. ಗುರುತು ಗೆರೆ ದಾಟಿತು. ಡಾಕ್ಟರಿಗೆ ಹೇಳಿ, ಚೀಟಿ ಬರೆದು, ಆಸ್ಪತ್ರೆ ಗೇಟಿನ ಹತ್ತಿರ ನಿಲ್ಲುವ ಬಾಡಿಗೆ ವ್ಯಾನಿನಲ್ಲಿ ಹಾಸನಕ್ಕೆ ಕಳಿಸಿದೆ. ವ್ಯಾನು ಮೊಸಳೆಯ ಜೋಡಿ ಗುಡಿಗಳ ಕಡೆ ತಿರುಗುವ ಜಾಗಕ್ಕೆ ಹೋಗುವ ಹೊತ್ತಿಗೆ, ರಸ್ತೆಯ ಕುಲುಕಾಟಕ್ಕೋ ಏನೋ, ವ್ಯಾನಿನಲ್ಲೇ ಹೆರಿಗೆಯಾಯಿತು. ಗುಂಡಗೆ ಗಂಡು ಮಗು. ತಾಯಿಯೂ ಚೆನ್ನಾಗಿದ್ದಳು. ಅವರು ಹಾಸನಕ್ಕೆ ಹೋಗುವ ಬದಲು ಗಾಡಿ ತಿರುಗಿಸಿಕೊಂಡು ನಮ್ಮಲ್ಲಿಗೇ ವಾಪಸ್ಸು ಬಂದರು. ಅವಳ ಗಂಡ ಅಂಗಳದಲ್ಲಿ ನಿಂತು, "ಏನ್ ಟ್ರೇನಿಂಗ್ ಕೊಟ್ಟವ್ರೆ ನಿಮ್ಗೆ? ಸಲೀಸಾಗಿ ಆಗೋ ಎರ್ಗೇನ ರೋಡಲ್ಲಿ ಮಾಡಿಸ್ಬುಟ್ರಲ್ಲಾ!" ಅಂತ ಕೂಗಾಡಿದ. ಡಾಕ್ಟರೂ ನಕ್ಕುಬಿಟ್ಟರು. ಆವತ್ತಿನಿಂದ ನಾನು ರೋಡ್ ಸಿಸ್ಟರ್. ಆಯಾಗಳೂ ಬೆನ್ನ ಹಿಂದೆ ಹಾಗೇ ಅನ್ನುತ್ತಿದ್ದರು.

ನಾನು ಮಾಡಿದ್ದು ಸರಿಯೇ ಆಗಿತ್ತು. ಗೆರೆ ದಾಟಿದವರೆಲ್ಲರಿಗೂ ಕಷ್ಟವಾಗುವುದಿಲ್ಲ, ಆದರೆ ಕಷ್ಟವಾಗುವವರು ಅವರೊಳಗೇ ಇರುತ್ತಾರೆ. ಅದು ನನಗೆ ಬಾಯಿಪಾಠ. ಆದರೂ ಕ್ವಾರ್ಟರ್ಸಿಗೆ ಹೋಗಿ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ. ಬೈಗುಳವಾದರೆ ನಾನೂ ಎರಡು ಬೈದು ಸರಿಮಾಡಿಕೊಳ್ಳುತ್ತಿದ್ದೆ. ನಗುವಿಗೆ ಏನು ಮಾಡುವುದು?

ಅದಾಗಿ ಎರಡೋ ಮೂರೋ ವಾರಕ್ಕೆ ಇನ್ನೊಬ್ಬ ಹುಡುಗಿ ಬಂದಳು. ಅವಳನ್ನು ಕಟ್ಟಾಯದ ಕಡೆ ಕೊಟ್ಟಿತ್ತು, ಚೊಚ್ಚಲಿಗೆ ತವರಿಗೆ ಬಂದಿದ್ದಳು. ತೆಳ್ಳನೆಯ ಹುಡುಗಿ, ನೋವು ಬಂದರೆ ಕೂಗದೆ ನನ್ನ ಸೆರಗಿನ ಅಂಚು ಹಿಡಿದುಕೊಳ್ಳುತ್ತಿದ್ದಳು. ಜೊತೆಗೆ ಅವಳ ತಾಯಿ. ಗಂಡ ಇಲ್ಲದ ಹೆಂಗಸು, ಒಬ್ಬಳೇ ಮಗಳು. ಆ ತಾಯಿ ಬಂದವಳೇ ಹೆರಿಗೆ ಕೋಣೆಯಲ್ಲಿ ಗಂಟು ಹುಡುಕಲು ಶುರುಮಾಡಿದಳು. ಮಗಳ ಜಡೆ ಬಿಚ್ಚಿದಳು. ಕಿಟಕಿಯ ಪರದೆಗೆ ಕಟ್ಟಿದ್ದ ದಾರ ಬಿಚ್ಚಿದಳು. ಹತ್ತಿಯ ಡಬ್ಬದ ಮುಚ್ಚಳ ತೆಗೆಯಲು ಹೋದಾಗ ಆಯಾ ಗದರಿದಳು. ನನಗೆ ಮಲ್ಲಿಪಟ್ಟಣ ನೆನಪಾಯಿತು.

"ಅದೊಂದ್ನ ಬಿಡಿ ಅವ್ವ, ಅದರಲ್ಲಿ ಗಂಟಿಲ್ಲ" ಅಂದೆ.

"ನಿಮ್ ಜಡೆ ಐತಲ್ಲ ನರ್ಸಮ್ಮ?" ಅಂದಳು. ಗಂಭೀರವಾಗಿ ಕೇಳಿದ್ದಳು. ನಾನು ಜಡೆಯ ತುದಿಯ ರಬ್ಬರ್ ಬ್ಯಾಂಡ್ ತೆಗೆದು, ಸೀರೆಯ ಮೇಲೆ ಹಾಕಿದ್ದ ಬಿಳಿ ಕೋಟಿನ ಜೇಬಿಗೆ ಹಾಕಿಕೊಂಡೆ. ಅಷ್ಟು ದಿನದಲ್ಲಿ ಆ ಕಟ್ಟಡದೊಳಗೆ ನನ್ನ ಹತ್ತಿರ ನೆಟ್ಟಗೆ ಮಾತಾಡಿದವಳು ಅವಳೊಬ್ಬಳೇ.

ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ ಮಾಡಿದಾಗ ನಾಲ್ಕು ಸೆಂಟಿಮೀಟರು. ಗೆರೆಯ ಮೇಲೆ ಮೊದಲ ಗುರುತು ಹಾಕಿದೆ. ನಾಲ್ಕು ಗಂಟೆ ಕಳೆದು, ಮಧ್ಯಾಹ್ನ ಎರಡಕ್ಕೆ ಎಂಟಾಗಿರಬೇಕು. ಎರಡಕ್ಕೆ ಮತ್ತೆ ನೋಡಿದೆ. ಆರು. ಮತ್ತೊಂದು ಸಲ ಬೆರಳಾಡಿಸಿದೆ, ಆರೇ. ಆರರ ಮನೆಯಲ್ಲಿ ಗುರುತು ಹಾಕಿದರೆ ಅದು ಗೆರೆಯ ಬಲಕ್ಕೆ ಬೀಳುತ್ತದೆ. ಕಳಿಸಬೇಕು. ಮಗುವಿನ ಎದೆಬಡಿತ ಆಗ ಚೆನ್ನಾಗಿಯೇ ಇತ್ತು, ಹಾಸನ ಮುಟ್ಟಲು ಬೇಕಾದಷ್ಟು ಹೊತ್ತಿತ್ತು.

ಕೈ ತೊಳೆದುಕೊಂಡು, ವ್ಯಾನು ಇದೆಯಾ ನೋಡೋಣ ಅಂತ ಬಾಗಿಲಿಗೆ ಬಂದೆ. ಅದೇ ವ್ಯಾನು. ಅದೇ ಡ್ರೈವರು ಬಾನೆಟ್ಟಿಗೆ ಒರಗಿಕೊಂಡು ನಿಂತಿದ್ದ. ಸಿಸ್ಟರುಗಳಿಬ್ಬರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಮೆಟ್ಟಿಲ ಮೇಲೆ ನಿಂತಿದ್ದರು. ನನ್ನನ್ನು ಕಂಡ ಕೂಡಲೇ ಅವನು, "ಏನ್ ಸಿಸ್ಟರ್, ಇವತ್ತು ಎಲ್ಲೀಗಂಟ? ಆಸನಕ್ಕಾ, ಮೊಸಳೆಗಂಟ ಸಾಕಾ?" ಅಂದ. ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ. ಊಟವಾದ ಮೇಲಿನ, ಹೊಟ್ಟೆ ತುಂಬಿದವರ ನಗು. ನಾನೂ ಹಲ್ಲು ಕಿರಿದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಒಳಗೆ ಬಂದು ಹಾಳೆ ತೆಗೆದುಕೊಂಡೆ. ಇನ್ನೊಂದು ಗಂಟೆ ನೋಡೋಣ, ಚೊಚ್ಚಲು ಅಲ್ವಾ, ನಿಧಾನ ಆಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಪೆನ್ನು ಹಿಡಿದು ಎಂಟರ ಮನೆಯಲ್ಲಿ ಗುರುತು ಹಾಕಿದೆ. ಎರಡು ಮನೆ ಮೇಲೆ.

ಮೂರಕ್ಕೆ ಡಾಕ್ಟರು ಬಂದು ನಿಂತುಕೊಂಡೇ ಹಾಳೆ ನೋಡಿದರು. "ಎಂಟಾ? ಹಾಗಾದ್ರೆ ಸಂಜೆ ಒಳಗೆ ಆಗತ್ತೆ ಬಿಡಿ. ನಂಗೆ ಹೊಳೆನರಸೀಪುರದಲ್ಲಿ ಕ್ಯಾಂಪಿದೆ" ಅಂತ ಹೊರಟುಹೋದರು. ತಡೆಯಬೇಕಿತ್ತು. ಮೇಡಂ, ಅದು ಎಂಟಲ್ಲ ಆರು ಅನ್ನಬೇಕಿತ್ತು. ಅಂದರೆ, ಸುಳ್ಳು ಯಾಕೆ ಬರೆದೆ ಅಂತ ಕೇಳುತ್ತಾರೆ. ಒಂದು ನಗುವಿಗೆ ಹೆದರಿ ಹಾಕಿದ ಗುರುತನ್ನು ಉಳಿಸಿಕೊಳ್ಳಲು ಇನ್ನೊಂದು ಸಲ ಬಾಯಿ ಮುಚ್ಚಿಕೊಂಡೆ. ಯಾವಾಗಲೂ ಜೋರಾಗಿರುವ ನನ್ನ ಬಾಯಿ ಆವತ್ತು ಎಲ್ಲಿ ಹೋಗಿತ್ತೋ.

ಐದು ಗಂಟೆಯ ಹೊತ್ತಿಗೆ ಮಗುವಿನ ಎದೆಬಡಿತ ನಿಧಾನವಾಗತೊಡಗಿತು. ಈಗ ಕಳಿಸಿದರೆ ನಿಜವಾಗಿಯೂ ದಾರಿಯಲ್ಲೇ ಆಗುತ್ತದೆ. ಹಿರಿಯ ಸಿಸ್ಟರನ್ನು ಕೂಗಿ ಕರೆದೆ. ಅವರು ಓಡಿ ಬಂದರು, ಅದನ್ನು ಮರೆಯಬಾರದು. ಇಬ್ಬರೂ ಸೇರಿ ಏನೆಲ್ಲ ಮಾಡಬಹುದೋ ಮಾಡಿದೆವು. ಆರೂವರೆಗೆ ಮಗು ಬಂತು. ಹೆಣ್ಣು. ಮೈಯೆಲ್ಲ ನೀಲಿ. ಹಾಸನದ ಬೊಂಬೆಗೆ ಒತ್ತಿದ ಹಾಗೇ ಒತ್ತಿದೆ, ಎಣಿಸಿಕೊಂಡು, ತಪ್ಪಿಲ್ಲದೆ. ಅಳಲಿಲ್ಲ. ಹಿರಿಯ ಸಿಸ್ಟರು ನನ್ನ ಭುಜ ಹಿಡಿದು "ಸಾಕು ಬಿಡಮ್ಮ" ಅನ್ನುವತನಕ ಒತ್ತುತ್ತಲೇ ಇದ್ದೆ.

ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ತಾಯಿ ಅಳಲಿಲ್ಲ. ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಬೆರಳು ಮಡಿಸುತ್ತ ಏನೋ ನೆನಪು ಮಾಡಿಕೊಳ್ಳುತ್ತಿದ್ದಳು. ಆಮೇಲೆ ತಟ್ಟನೆ ತಲೆಯೆತ್ತಿ ನನ್ನ ಕಡೆ ನೋಡಿದಳು.

"ರಾಗಿ ಮೂಟೆ ಕಣವ್ವ" ಅಂದಳು. "ಅಟ್ಟದ ಕೆಳಗೆ ಒಂದು ರಾಗಿ ಮೂಟೆ ಐತೆ. ಬಾಯಿ ಕಟ್ಟಿದ್ದೆ. ಅವಸ್ರದಲ್ಲಿ ಬಿಚ್ಚದೆ ಬಂದ್ಬುಟ್ಟೆ. ಅಯ್ಯೋ ನನ್ ಕೈ ಸೇದೋಗ. ನಾನೇ ಕೊಂದ್ನಲ್ಲವ್ವಾ."

ನಾನು ಅವಳ ಪಕ್ಕದಲ್ಲಿ ಕೂತೆ. "ಹಂಗೆಲ್ಲ ಇಲ್ಲ ಅವ್ವ, ಗಂಟಿಗೂ ಇದಕ್ಕೂ ಸಂಬಂಧ ಇಲ್ಲ" ಅಂದೆ. ಯಾವುದಕ್ಕೆ ಸಂಬಂಧ ಇತ್ತು ಅಂತ ಹೇಳಲಿಲ್ಲ. ಅವಳು ನನ್ನ ಮಾತು ಕೇಳಿಸಿಕೊಳ್ಳಲೂ ಇಲ್ಲ. ಮೂಟೆ, ಮೂಟೆ ಅಂತ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಕೂಸು ಸತ್ತರೆ ಆ ತಿಂಗಳ ಮೀಟಿಂಗಿನಲ್ಲಿ ಹಾಳೆ ತೆಗೆದು ನೋಡುತ್ತಾರೆ. ನನ್ನದನ್ನೂ ತೆಗೆದರು. ಗುರುತುಗಳೆಲ್ಲ ಗೆರೆಯ ಮೇಲೇ ಇದ್ದವು. ಮೇಲಿನಿಂದ ಬಂದವರು, ಹಾಳೆ ಆಗಿಂದಾಗಲೇ ತುಂಬಿದ್ದಾರೆ, ಮಾಡಬೇಕಾದ್ದೆಲ್ಲ ಮಾಡಿದ್ದಾರೆ, ಸಿಬ್ಬಂದಿಯ ತಪ್ಪಿಲ್ಲ ಅಂತ ಬರೆದುಕೊಂಡರು. "ನಮ್ ಸಿಸ್ಟರ್ ತುಂಬಾ ಸಿನ್ಸಿಯರ್" ಅಂದರು ಡಾಕ್ಟರು. ನಮ್ಮ ಸಿಸ್ಟರ್ ಅಂತ ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.

ಮಾರನೇ ದಿನ ಮಧ್ಯಾಹ್ನ ಡಬ್ಬಿ ಹಿಡಿದು ಹಿಂದಿನ ಬೆಂಚಿಗೆ ಹೊರಟಿದ್ದೆ. ಹಿರಿಯ ಸಿಸ್ಟರು ಬಾಗಿಲಿಗೆ ಬಂದು, "ಎಲ್ಲಿಗೆ ಹೋಗ್ತೀಯಾ ಬಿಸಿಲಲ್ಲಿ, ಬಾ ಇಲ್ಲಿ" ಅಂದರು. ಜಾಗ ಮಾಡಿಕೊಟ್ಟರು. ನನ್ನ ಡಬ್ಬಿಯ ಮುಚ್ಚಳಕ್ಕೆ ಒಬ್ಬರು ಹುರಳಿಕಾಯಿ ಪಲ್ಯ ಹಾಕಿದರು, ಇನ್ನೊಬ್ಬರು ಮಾವಿನಕಾಯಿ ಉಪ್ಪಿನಕಾಯಿ. ಯಾರ ಮಾತೂ ನಿಲ್ಲಲಿಲ್ಲ. ಒಂದು ವರ್ಷದಿಂದ ನಾನು ಕಾದಿದ್ದು ಇದಕ್ಕೇ. ತಿಂದೆ. ಚೆನ್ನಾಗಿದೆ ಸಿಸ್ಟರ್ ಅಂದೆ. ಅಷ್ಟು ಜನರ ನಡುವೆ ಕೂತು ಅನ್ನಿಸಿದ ಒಂಟಿತನ ಆ ಕಲ್ಲು ಬೆಂಚಿನ ಮೇಲೆ ಎಂದೂ ಅನ್ನಿಸಿರಲಿಲ್ಲ.

ಕೆಲವು ದಿನ ಬಿಟ್ಟು ಹಿರಿಯ ಸಿಸ್ಟರೊಬ್ಬರೇ ಇದ್ದಾಗ ಹೇಳಿಬಿಟ್ಟೆ. ಅದು ಆರಾಗಿತ್ತು ಸಿಸ್ಟರ್, ನಾನು ಎಂಟು ಅಂತ ಹಾಕಿದೆ, ಅಂತ. ಅವರು ಬೆಚ್ಚಿಬೀಳುತ್ತಾರೆ, ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಥೂ ಹುಚ್ಚಿ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಂಡಿದ್ದೀಯಾ? ನಾವೆಲ್ಲ ಹಾಕೋದು ಹಂಗೇ ಅಲ್ವಾ" ಅಂದರು. ನನ್ನ ಬೆನ್ನು ಸವರಿದರು. ಪ್ರೀತಿಯಿಂದಲೇ ಸವರಿದರು.

ಅವರ ಹಾಳೆಗಳು ಹೆರಿಗೆಯಾದ ಮೇಲಿನ ಸುಳ್ಳು. ಅವನ್ನು ನೋಡಿ ಯಾರೂ ಯಾರನ್ನೂ ಬಿಟ್ಟು ಕ್ಯಾಂಪಿಗೆ ಹೋಗುತ್ತಿರಲಿಲ್ಲ. ನನ್ನದು ಹಾಗಲ್ಲ. ಅದನ್ನು ನಂಬಬಹುದು ಅಂತ ಎಲ್ಲರಿಗೂ ಗೊತ್ತಿತ್ತು.

ಡಾಕ್ಟರಿಗೂ ಹೇಳಬೇಕು ಅಂತ ಹೋದೆ. ಅವರು ವರ್ಗವಾಗಿ ಹೊರಟಿದ್ದರು. ಅರ್ಧ ಕೇಳಿಸಿಕೊಂಡು, "ಮುಗಿದಿದ್ದನ್ನ ಕೆದಕ್ಬೇಡಿ, ನಿಮಗೂ ಒಳ್ಳೇದಲ್ಲ ನನಗೂ ಒಳ್ಳೇದಲ್ಲ" ಅಂದರು. ವಾಪಸ್ಸು ಬಂದೆ. ಆದರೆ ಅಲ್ಲಿಂದಾಚೆಗೆ ಒಂದು ಗುರುತನ್ನೂ ಅತ್ತಿತ್ತ ಸರಿಸಲಿಲ್ಲ. ಗೆರೆ ದಾಟಿದವರನ್ನೆಲ್ಲ ಕಳಿಸಿದೆ. ಕೆಲವರಿಗೆ ಆಪರೇಷನ್ ಆಯಿತು, ಕೆಲವರಿಗೆ ಹಾಸನ ಮುಟ್ಟಿ ಅರ್ಧ ಗಂಟೆಗೆ ಸಲೀಸಾಗಿ ಆಯಿತು, ಇನ್ನೊಬ್ಬಳಿಗೆ ಮತ್ತೆ ದಾರಿಯಲ್ಲೇ ಆಯಿತು. ನಗು ಮತ್ತೆ ಶುರುವಾಯಿತು, ಡ್ಯೂಟಿ ರೂಮಿನ ಮಾತು ಮತ್ತೆ ನಿಂತಿತು. ಹಿಂದಿನ ಬೆಂಚಿಗೆ ನಾನಾಗಿಯೇ ಹೋದೆ. ಆ ಪಲ್ಯ ನನಗೆ ಬೇಡವಾಗಿತ್ತು.

ಎರಡು ವರ್ಷಕ್ಕೆ ಆ ಹುಡುಗಿ ಮತ್ತೆ ಬಂದಳು, ತುಂಬಿದ ಬಸುರಿ. ಈ ಸಲ ಗಂಡನ ಮನೆಯಲ್ಲೇ ಆಗಬೇಕಿತ್ತಂತೆ, ತಾಯಿ ಹಟ ಮಾಡಿ ಕರೆದುಕೊಂಡು ಬಂದಿದ್ದಳು. "ಆ ಉದ್ದ ಜಡೆ ನರ್ಸಮ್ಮ ಎಲ್ಲವ್ರೆ? ಅವ್ರೇ ಬೇಕು" ಅಂತ ಗೇಟಿನಿಂದಲೇ ಕೇಳಿಕೊಂಡು ಬಂದಳು. ನನಗೆ ಓಡಿಹೋಗಿ ಎಲ್ಲಾದರೂ ಅವಿತುಕೊಳ್ಳೋಣ ಅನ್ನಿಸಿತು. ಹುಡುಗಿ ನನ್ನನ್ನು ಕಂಡು ಸಣ್ಣಗೆ ನಕ್ಕು, ಹೋದ ಸಲದ ಹಾಗೇ ನನ್ನ ಸೆರಗಿನ ಅಂಚು ಹಿಡಿದುಕೊಂಡಳು.

ಬೆಳಿಗ್ಗೆ ಎಂಟಕ್ಕೆ ನಾಲ್ಕು. ಹನ್ನೆರಡಕ್ಕೆ ಐದು. ಐದರ ಮನೆಯಲ್ಲಿ ಗುರುತು ಹಾಕಿದೆ, ಪೆನ್ನಿನ ಮೊನೆ ಕಾಗದಕ್ಕೆ ತೂತು ಬೀಳುವ ಹಾಗೆ ಒತ್ತಿ. ಹೊಸ ಡಾಕ್ಟರಿಗೆ ತೋರಿಸಿ, ಚೀಟಿ ಬರೆದು, ನಾನೂ ಜೊತೆಗೆ ಹೋಗುತ್ತೇನೆ ಅಂತ ಹೇಳಿ ವ್ಯಾನು ಹತ್ತಿದೆ. ಅದೇ ಡ್ರೈವರು. ಏನೋ ಅನ್ನಲು ಬಾಯಿ ತೆರೆದವನು ನನ್ನ ಮುಖ ನೋಡಿ ಗಾಡಿ ಸ್ಟಾರ್ಟ್ ಮಾಡಿದ.

ಹುಡುಗಿಯನ್ನು ಉದ್ದದ ಸೀಟಿನಲ್ಲಿ ಮಲಗಿಸಿದ್ದೆವು. ತಾಯಿ ಸುತ್ತ ನೋಡಿದಳು. "ಡ್ರೈವರಪ್ಪ, ನಿನ್ ಗಾಡೀಲಿ ಏನಾರಾ ಕಟ್ಟಿದ್ದೀಯಾ?" ಅಂದಳು.

"ಟಾಪ್ ಮೇಲೆ ಟಾರ್ಪಾಲ್ ಕಟ್ಟಿವ್ನಿ ಕಣವ್ವ, ಯಾಕೆ?"

"ಬಿಚ್ಬುಡಪ್ಪ. ನಿನ್ ದಮ್ಮಯ್ಯ."

ಅವನು ನಗಲಿಲ್ಲ. ರಸ್ತೆ ಬದಿಗೆ ನಿಲ್ಲಿಸಿ, ಮೇಲೆ ಹತ್ತಿ ಹಗ್ಗ ಬಿಚ್ಚಿ, ಟಾರ್ಪಾಲನ್ನು ಮಡಿಸಿ ತನ್ನ ಪಕ್ಕದಲ್ಲಿಟ್ಟುಕೊಂಡು ಮತ್ತೆ ಹೊರಟ. ನಾನೂ ಜಡೆ ಬಿಚ್ಚಿದೆ.

"ಈಗ ಎಲ್ಲೂ ಒಂದ್ ಗಂಟಿಲ್ಲ" ಅಂದಳು ತಾಯಿ. "ಮನೇಲಂತೂ ಎಲ್ಡು ವರ್ಸದಿಂದ ನಾನು ಮೂಟೆ ಬಾಯೇ ಕಟ್ಟಿಲ್ಲ ಕಣವ್ವ. ರಾಗಿ ಎಲ್ಲ ಅಂಗೇ ತೆರೆದಿಟ್ಟಿವ್ನಿ. ಇಲಿ ತಿಂತವೆ, ತಿನ್ಲಿ ಬುಡು. ಕಟ್ಟಾಕೆ ಕೈಯೇ ಬರಾಕಿಲ್ಲ. ಆ ಮಗೀನ ಮಕ ಕಾಣ್ತದೆ."

ಎರಡು ವರ್ಷ. ನಾನು ಹಿಂದಿನ ಬೆಂಚಿನ ಮೇಲೆ ಕೂತು ನನ್ನ ಒಂಟಿತನವನ್ನು ನಾನೇ ನೇವರಿಸಿಕೊಳ್ಳುತ್ತಿದ್ದ ಎರಡು ವರ್ಷ, ಇವಳು ನನ್ನ ತಪ್ಪನ್ನು ತನ್ನ ಮನೆಯೊಳಗೆ ಇಟ್ಟುಕೊಂಡು ಇಲಿಗೆ ರಾಗಿ ಹಾಕುತ್ತಿದ್ದಳು. ಇನ್ನು ತಡೆಯಲು ನನ್ನಿಂದ ಆಗಲಿಲ್ಲ.

"ಮೂಟೆಯಿಂದ ಆಗಿದ್ದಲ್ಲ ಅವ್ವ ಅದು. ನನ್ನಿಂದ ಆಗಿದ್ದು" ಅಂದೆ. ಹೇಳಿದೆ, ಎಲ್ಲ ಹೇಳಿದೆ. ಇವತ್ತು ಕಳಿಸಿದ ಹಾಗೆ ಆವತ್ತೂ ಮಧ್ಯಾಹ್ನವೇ ಕಳಿಸಬೇಕಿತ್ತು, ನನಗೆ ಗೊತ್ತಿತ್ತು, ಕಳಿಸಲಿಲ್ಲ, ಸುಳ್ಳು ಗುರುತು ಹಾಕಿದೆ, ಡಾಕ್ಟರು ಅದನ್ನು ನಂಬಿ ಹೋದರು, ಅಂತ. ಹುಡುಗಿಗೂ ಕೇಳಿಸುತ್ತಿತ್ತು. ನೋವಿನ ನಡುವೆ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಅಂಥ ಹೊತ್ತಿನಲ್ಲಿ ಅವಳ ಮುಂದೆ ಹೇಳಬಾರದಿತ್ತೇನೋ. ನನಗೆ ಆಗ ಅದು ಹೊಳೆಯಲೂ ಇಲ್ಲ.

ಮೊಸಳೆ ಬಂತು, ಹೋಯಿತು. ಡ್ರೈವರನ ಕಿವಿಯೂ ಹಿಂದಕ್ಕೇ ಇತ್ತು ಅನ್ನಿಸುತ್ತದೆ, ಹಾರ್ನ್ ಕೂಡ ಮಾಡಲಿಲ್ಲ.

"ಗೊತ್ತಿದ್ದೂ ಯಾಕ್ ಕಳಿಸ್ಲಿಲ್ಲ ಅಕ್ಕ?" ಅಂತ ಕೇಳಿದವಳು ಹುಡುಗಿ.

"ನಗ್ತಾರೆ ಅಂತ" ಅಂದೆ.

ಅವಳು ಸೆರಗಿನ ಅಂಚು ಬಿಟ್ಟಳು. ಅವಳ ತಾಯಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹಾಸನದವರೆಗೂ ನೋವು ಬಂದಾಗಲೆಲ್ಲ ಹುಡುಗಿ ಸೀಟಿನ ಕಂಬಿ ಹಿಡಿದುಕೊಂಡಳು.

ದೊಡ್ಡಾಸ್ಪತ್ರೆಯಲ್ಲಿ ಹೋದ ಕೂಡಲೇ ನೋಡಿದರು, ನನ್ನ ಹಾಳೆ ನೋಡಿದರು, ಆಪರೇಷನ್ನಿಗೆ ಕರೆದುಕೊಂಡು ಹೋದರು. ಬಾಗಿಲಾಚೆಯಿಂದ ಮಗು ಅಳುವುದು ಕೇಳಿಸಿತು. ಜೋರು ಗಂಟಲು. ತಾಯಿ ಗೋಡೆಗೆ ಒರಗಿ ಕೂತಿದ್ದವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾನು ಹತ್ತಿರ ಹೋಗಲಿಲ್ಲ. ಹೋಗಲು ನನಗೇನು ಹಕ್ಕಿತ್ತು? ಹೆಣ್ಣು, ಇಬ್ಬರೂ ಚೆನ್ನಾಗಿದ್ದಾರೆ ಅಂತ ನರ್ಸು ಬಂದು ಹೇಳಿದ ಮೇಲೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ.

ವರಾಂಡದ ತುದಿಯಲ್ಲಿ ಹಿಂದಿನಿಂದ ಕೂಗಿದಳು. "ನರ್ಸಮ್ಮ."

ನಿಂತೆ. ಬಯ್ಯಲಿ, ಕೆನ್ನೆಗೆ ಹೊಡೆಯಲಿ, ಮಣ್ಣು ತೂರಲಿ ಅಂತ ನಿಂತೆ. ಅವಳು ನಿಧಾನವಾಗಿ ನಡೆದುಕೊಂಡು ಬಂದು ನನ್ನ ಮುಖ ನೋಡಿದಳು. ಕೋಪ ಇರಲಿಲ್ಲ. ದಾರಿಯುದ್ದಕ್ಕೂ ಯೋಚನೆ ಮಾಡಿ, ಎಷ್ಟು ಯೋಚಿಸಿದರೂ ತಿಳಿಯದೆ, ಗೊತ್ತಿರುವವರ ಹತ್ತಿರ ಕೇಳಲು ಬಂದವಳ ಹಾಗಿದ್ದಳು.

"ಅವ್ರು ನಕ್ಕಿದ್ರೆ ಏನಾಗೋದವ್ವಾ?" ಅಂದಳು.

ಅವಳು ನಿಜವಾಗಿಯೂ ಉತ್ತರಕ್ಕೆ ಕಾದಳು. ಆಮೇಲೆ ಒಳಗೆ ಮಗು ಮತ್ತೆ ಅತ್ತಿತು, ಅವಳು ಅತ್ತ ಹೋದಳು.

ಡ್ರೈವರು ಗೇಟಿನಲ್ಲಿ ಕಾಯುತ್ತಿದ್ದ. ನಾನು ಅವನನ್ನು ಕಳಿಸಿ ಬಸ್ ಸ್ಟ್ಯಾಂಡಿಗೆ ನಡೆದೆ. ಹೊಳೆನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಜಡೆ ಬಿಚ್ಚಿಯೇ ಇತ್ತು, ಗಾಳಿಗೆ ಕೂದಲೆಲ್ಲ ಮುಖಕ್ಕೆ ಬರುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಎರಡು ಸಲ ನನ್ನ ಕಡೆ ನೋಡಿ, "ಕೂದ್ಲು ಕಟ್ಕಳಿ ಸಿಸ್ಟರ್" ಅಂದಳು. ಕೋಟಿನ ಜೇಬಿನಲ್ಲಿ ರಬ್ಬರ್ ಬ್ಯಾಂಡ್ ಇತ್ತು. ಊರು ಬರುವತನಕ ನಾನು ಕಟ್ಟಿಕೊಳ್ಳಲಿಲ್ಲ.